ಉಳಿದ ಮೂವರಲ್ಲಿ ಒಬ್ಬ

ಸನ್ನಿವೇಲ್,
೨ ಏಪ್ರಿಲ್ ೨೦೦೦

ಪ್ರೀತಿಯ ಅವ್ವ,

ಧಾರವಾಡದ ಬಿಸಿಲಿಗೆ ಹೈರಾಣಾಗಿರಬೇಕು ನೀನು. ನನಗೂ ಇಲ್ಲಿ ನೆಮ್ಮದಿಯಿಲ್ಲ. ನೀನು ಅಳಿಯನೆಂದು ಒಪ್ಪಿಕೊಳ್ಳಲು ಹೊರಟಿರುವ ಲೆಸ್ಟರ್ ಸಿಟ್ಟಾಗಿ ಸ್ಯಾನ್ ಫ್ರಾನ್ಸಿಸ್ಕೋದ ತನ್ನ ತಾಯಿಯ ಮನೆಗೆ ಹೋಗಿ ನಾಲ್ಕು ದಿನವಾಯಿತು. ನಾನು ನಿನಗೆ ನಿಜ ಬರೆಯುವವರೆಗೆ ಬರುವುದಿಲ್ಲವಂತೆ.

ಹೋದ ತಿಂಗಳು ಫೋನಿನಲ್ಲಿ, "ಹುಡುಗನ ಬೆಡಗು ಯಾವುದವಾ? ನಿಮ್ಮ ಸ್ವಾದರಮಾವ ಕೇಳಾಕತ್ತಾನ" ಎಂದೆಯಲ್ಲ. ಒಂದೇ ಬೆಡಗಾದರೆ ಅಣ್ಣ-ತಂಗಿಯಾಗುತ್ತೇವೆಂಬ ಭಯ, ಅದೂ ಮಧ್ಯ ಅಮೆರಿಕದ ನಿಕರಾಗುವಾ ದೇಶದವನೊಡನೆ! ನಾನು ನಕ್ಕು, ಅಲ್ಲಿ ಬೆಡಗಿಲ್ಲ, ಅವರು ಸ್ಪ್ಯಾನಿಷರು ಮತ್ತು ಮೂಲನಿವಾಸಿಗಳು ಬೆರೆತ ಜನ, ಮೆಸ್ತಿಸೋ ಎನ್ನುತ್ತಾರೆ, ನಮ್ಮಂಥದೇ ಗೋಧಿಬಣ್ಣ ಎಂದೆ. ಪೂರ್ತಿ ಸುಳ್ಳಲ್ಲ. ಹತ್ತರಲ್ಲಿ ಏಳು ಮಂದಿ ಹಾಗೆಯೇ. ಲೆಸ್ಟರ್ ಉಳಿದ ಮೂವರಲ್ಲಿ ಒಬ್ಬ ಎಂಬುದನ್ನು ನುಂಗಿಬಿಟ್ಟೆ.

ಅವನು ಆ ದೇಶದ ಪೂರ್ವ ಕರಾವಳಿಯ ಬ್ಲೂಫೀಲ್ಡ್ಸ್ ಊರಿನ ಕ್ರಿಯೋಲ್. ಅವರ ಹಿರಿಯರನ್ನು ಆಫ್ರಿಕಾದಿಂದ ಗುಲಾಮರಾಗಿ ತಂದಿದ್ದರು. ಮನೆಯಲ್ಲಿ ಆಡುವುದು ತಮ್ಮದೇ ಬಗೆಯ ಇಂಗ್ಲಿಷು. ಒಬ್ಬ ಅಜ್ಜಿ ಮಿಸ್ಕಿತೋ ಬುಡಕಟ್ಟಿನವಳು. ಅವನು ಕಪ್ಪಗಿದ್ದಾನೆ ಅವ್ವ. ನೀನು ಮೂರು ಸಲ ಫೋಟೋ ಕೇಳಿದೆ, ಮೂರು ಸಲವೂ ಕಳಿಸಲು ಮರೆತೆ ಎಂದು ನಾನು ಹೇಳಿದೆ. ಮರೆತಿರಲಿಲ್ಲ.

ಬುಧವಾರ ಜನಗಣತಿಯ ಫಾರ್ಮು ತುಂಬಿದೆ. ಇಲ್ಲಿ ಮನೆಯವರೇ ತುಂಬಿ ಅಂಚೆಗೆ ಹಾಕುವುದು. ಹೌದು, ಅವನು ನನ್ನ ಅಪಾರ್ಟ್‌ಮೆಂಟಿನಲ್ಲೇ ಇರುತ್ತಾನೆ, ಅದಕ್ಕೆ ಆಮೇಲೆ ಬಯ್ಯಿ. ಜನಾಂಗದ ಪ್ರಶ್ನೆಯಲ್ಲಿ 'ಕಪ್ಪು' ಎಂಬ ಚೌಕ ಮೇಲೆಯೇ ಇತ್ತು. ನಾನು ಅದನ್ನು ದಾಟಿ ಕೆಳಗೆ 'ಇತರೆ'ಯಲ್ಲಿ ಮೆಸ್ತಿಸೋ ಎಂದು ಬರೆದೆ. ಅಮೆರಿಕದ ಸರ್ಕಾರದವರು ಧಾರವಾಡಕ್ಕೆ ಬಂದು ನಿನಗೆ ಚಾಡಿ ಹೇಳುತ್ತಾರೇನೋ ಎಂಬಂತೆ!

ಲೆಸ್ಟರ್ ಓದಿದ. ಕೂಗಾಡಿದ್ದರೆ ಚೆನ್ನಾಗಿತ್ತು. ನಮ್ಮ ದೇಶದವರೇ ನಮ್ಮಂಥ ಕಪ್ಪು ಜನರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಈಗ ನೀನೂ ಕೈಬಿಟ್ಟೆ ಎಂದ. ಬಾಗಿಲಿಗೆ ಅಡ್ಡ ನಿಂತೆ. ನನ್ನ ಬಗ್ಗೆ ನಾಚಿಕೆಯೇ ಎಂದು ಕೇಳಿದ. ನಿನ್ನ ಬಗ್ಗೆ ಅಲ್ಲ, ನಮ್ಮವ್ವ ಏನಂದಾಳೋ ಎಂದೆ. ಅವನು ನನ್ನನ್ನು ಸರಿಸಿ ಹೋದ.

ನಾಚಿಕೆಪಟ್ಟವಳು ನಾನೇ ಅವ್ವ. ನಿನ್ನನ್ನು ಸುಮ್ಮನೆ ಅಡ್ಡ ಹಿಡಿದೆ. ನಾಳೆ ಇದನ್ನು ಅಂಚೆಗೆ ಹಾಕಿ ಅವನಿಗೆ ಫೋನು ಮಾಡುತ್ತೇನೆ. ಎತ್ತುತ್ತಾನೋ ಇಲ್ಲವೋ ಗೊತ್ತಿಲ್ಲ. ಫೋಟೋ ಒಳಗಿದೆ. ಮಾವನಿಗೆ ತೋರಿಸುವ ಮೊದಲು ನೀನೊಬ್ಬಳೇ ನೋಡು. ಸಿಟ್ಟು ಬಂದರೆ ಬಯ್ದು ಬರೆ, ಸುಮ್ಮನೆ ಮಾತ್ರ ಇರಬೇಡ.

ನಿನ್ನ ಮಗಳು,
ಶೀತಲ್

ತಾ.ಕ.: ಲಗ್ನದ ಮಾತು ಶ್ರಾವಣ ಕಳೆದ ಮೇಲೆ ಎಂದು ನಾನು ಹೇಳಿದ್ದೆ. ನಮ್ಮ ಮದುವೆ ಫೆಬ್ರವರಿಯಲ್ಲೇ ರಿಜಿಸ್ಟರ್ ಆಗಿದೆ ಅವ್ವ. ಸಾಕ್ಷಿ ಸಹಿ ಹಾಕಲು ಬಂದ ಅವನ ತಾಯಿ, ನಿನ್ನ ತಾಯಿ ಯಾಕೆ ಬರಲಿಲ್ಲ ಎಂದು ಕೇಳಿದರು. ವೀಸಾ ಸಿಗಲಿಲ್ಲ ಎಂದೆ.