ಮೈ ಒದರದ ಟಗರು

ಎಡಗೈಯಲ್ಲೇ ಮುದ್ದೆ ಮುರಿಯುತ್ತಿದ್ದ ನನ್ನ ದೊಡ್ಡಪ್ಪನಿಗೆ,

ನಿನ್ನ ಬಲಗೈ ನೆಟ್ಟಗಿದ್ದ ಕೊನೆಯ ದಿನ ನೆನಪಿದೆಯಾ? ಬೆಂಗಳೂರಿಗೆ ಕುಡಿಯುವ ನೀರು ಕೊಡಲು ನಮ್ಮ ಹೊಲಗಳ ಮೇಲೆ ಕಟ್ಟಿದ ಜಲಾಶಯಕ್ಕೆ ಮೊದಲ ಸಲ ನೀರು ಬಿಟ್ಟ ದಿನ. ಏರಿಗೆ ಕೇಡಾಗದಿರಲಿ ಎಂದು ಕಂಟ್ರಾಕ್ಟರು ಕಿರುಗಾವಲು ಸಂತೆಯಿಂದ ಟಗರು ತರಿಸಿದ್ದ. ಮಾರಮ್ಮನ ಹಬ್ಬದಲ್ಲಿ ಕಡಿಯುವವನು ನೀನೇ, ಹಾಗಾಗಿ ಅಲ್ಲಿಗೂ ಮಚ್ಚು ಹಿಡಿದು ನೀನೇ ಬಂದಿದ್ದೆ. ಹಗ್ಗ ಹಿಡಿದವನು ನಾನು. ಮದುವೆಯಾದ ಹೊಸತು, ಬಿಳಿ ಪಂಚೆ ಉಟ್ಟಿದ್ದೆ. ಮಧ್ಯಾಹ್ನದ ಹೊತ್ತಿಗೆ ಅದರ ಬಣ್ಣ...

ತೀರ್ಥ ಚಿಮುಕಿಸಿದ ಮೇಲೆ ಟಗರು ಮೈ ಒದರಬೇಕು. ಒದರಿದರೆ ಅದು ಒಪ್ಪಿದಂತೆ, ಆಮೇಲೆಯೇ ಮಚ್ಚು ಎತ್ತುವುದು. ನಿನ್ನಪ್ಪ ನಿನಗೆ ಕಲಿಸಿದ್ದು ಹಾಗೆ. ಆ ಟಗರು ಒದರಲಿಲ್ಲ. ನೀನು ತೀರ್ಥವನ್ನು ಕಿವಿಗೆ ಹಾಕಿದೆ, ಬೆನ್ನಿಗೆ ಸುರಿದೆ. ಅದು ಕೊರಳಿನ ಹಾರದ ಹೂವು ತಿನ್ನುತ್ತಾ ನಿಂತಿತ್ತು.

"ಕಡಿಯಯ್ಯ, ಕುರೀನ ಒಪ್ಪಿಗೆ ಕೇಳ್ತಾರಾ ಯಾರಾದ್ರೂ?" ಎಂದ ಕಂಟ್ರಾಕ್ಟರು.

"ನಮ್ ಒಲ ತಕ್ಕೊಂಡಾಗ ನಮ್ಮುನ್ನ ಯಾರೂ ಕೇಳ್ನಿಲ್ಲ, ಬುಡಿ ಸ್ವಾಮಿ. ಇದುನ್ನಾರ ಕೇಳಾನ," ಎಂದೆ ನೀನು.

ಜನ ನಕ್ಕರು. ನನ್ನಪ್ಪ ಮಾತ್ರ ನಗಲಿಲ್ಲ. ಜಲಾಶಯದ ಕಾವಲು ಕೆಲಸವನ್ನು ಅವನಿಗೇ ಕೊಡುವುದಾಗಿ ಕಂಟ್ರಾಕ್ಟರು ಅವತ್ತು ಬೆಳಿಗ್ಗೆಯಷ್ಟೇ ಹೇಳಿದ್ದ.

"ಕೊಡಣ್ಣ ಇತ್ಲಾಗೆ, ಕೆಲ್ಸ ಕೆಡಿಸ್ಬ್ಯಾಡ," ಎಂದು ಅಪ್ಪ ನಿನ್ನ ಕೈಯಿಂದ ಮಚ್ಚು ಕಿತ್ತುಕೊಂಡ. ಕಡಿದು ಅಭ್ಯಾಸವಿಲ್ಲದ ಕೈ. ಮೊದಲ ಏಟು ಕೊಂಬಿಗೆ ಬಿತ್ತು, ಇನ್ನೊಂದು ಭುಜ ಸೀಳಿತು. ಹಗ್ಗ ನನ್ನ ಅಂಗೈ ಸುಲಿದುಕೊಂಡು ಹೋಯಿತು. ಟಗರು ಅರಚುತ್ತಾ ಏರಿಯುದ್ದಕ್ಕೂ ಓಡಿತು. ಅಪ್ಪ ಅಟ್ಟಿಸಿಕೊಂಡು ಹೋಗಿ ಸಿಕ್ಕಸಿಕ್ಕಲ್ಲಿ ಕೊಚ್ಚಿದ.

"ಲೇ, ಕೊಚ್ಬ್ಯಾಡ ಕಣ್ಲಾ! ಒಂದೇ ಏಟ್ಗೆ ಓಗ್ಬೇಕು ಕಣ್ಲಾ ಅದು!" ಎಂದು ಕೂಗುತ್ತಾ ನೀನು ಮಚ್ಚಿಗೆ ಕೈ ಹಾಕಿದೆ. ಅಪ್ಪ ಬೀಸಿದ. ನಿನ್ನ ಬೆರಳುಗಳು ಏರಿಯ ಕಲ್ಲುಗಳ ಮೇಲೆ ಬಿದ್ದವು, ಹೆಬ್ಬೆರಳೊಂದು ಉಳಿಯಿತು. ನೀನು ಉಳಿದ ಕೈಯಲ್ಲಿ ಅವನ ಜುಟ್ಟು ಹಿಡಿದು ಅದೇ ಕಲ್ಲಿಗೆ ಮುಖ ಗುದ್ದಿದೆ, ಎಡಗಣ್ಣು ಒಡೆಯುವವರೆಗೆ. ನಿಮ್ಮನ್ನು ಬಿಡಿಸಲು ನಾನು ಯಾರನ್ನು ಹಿಡಿದು ಎಳೆಯಬೇಕಿತ್ತು, ಹೇಳು? ಕೆಳಗಿನಿಂದ ನೀರು ಏರುತ್ತಾ ಬಂದು ಟಗರಿನದು, ನಿನ್ನದು, ಅವನದು, ಎಲ್ಲ ರಕ್ತವನ್ನೂ ನೆಕ್ಕಿಕೊಂಡು ಹೋಯಿತು. ಬೆಂಗಳೂರಿನವರು ಕುದಿಸಿ ಕುಡಿಯುತ್ತಾರಂತೆ, ಬಿಡು.

ದೊಡ್ಡಮ್ಮ ಬಿಂದಿಗೆ ಹಿಡಿದು ಜಲಾಶಯದ ಬೇಲಿ ದಾಟಿದ ಬೇಸಿಗೆಯನ್ನು ನೀನು ಮರೆತಿರಲಾರೆ. ಊರಿನ ಬೋರು ಬತ್ತಿತ್ತು. ಬೇಲಿಯಾಚೆ ನೀರು ಕಣ್ಣು ಕುಕ್ಕುವಂತೆ ಹೊಳೆಯುತ್ತಿತ್ತು.

"ಮುಟ್ಬ್ಯಾಡ ಅತ್ಗೆ, ಇದು ಬೆಂಗ್ಳೂರ್ ನೀರು," ಎಂದ ಕಾವಲಿಗಿದ್ದ ಅಪ್ಪ.

"ನನ್ ಒಲ್ದಲ್ಲಿ ಅದ್ಯಾವಾಗ್ಲಾ ಉಟ್ತು ಬೆಂಗ್ಳೂರು?" ಎಂದಳು ಅವಳು, ಬಿಂದಿಗೆ ಮುಳುಗಿಸುತ್ತಾ.

ಲಾಠಿ ಮೊದಲು ಬಿಂದಿಗೆಗೆ ಬಿತ್ತು, ಆಮೇಲೆ ಅವಳ ಕೈಗೆ. ಬಳೆಚೂರುಗಳ ನಡುವೆ ಮೂಳೆ ಕಾಣುತ್ತಿತ್ತು. ಅವತ್ತು ನೀನು ನಮ್ಮ ಬಾಗಿಲಿಗೆ ಬಂದು, "ಇನ್ಮೇಲೆ ಈ ಮನೇಲಿ ತೊಟ್ಟು ನೀರೂ ಮುಟ್ಟಾಕಿಲ್ಲ," ಎಂದೆ. ಮುಟ್ಟಲಿಲ್ಲ. ಸಾಯುವ ದಿನ ನಾನು ನಮ್ಮ ಮನೆಯಿಂದ ಲೋಟದಲ್ಲಿ ನೀರು ತಂದು ತುಟಿಗಿಟ್ಟರೆ, ನಾಲಿಗೆ ಮರದ ಚಕ್ಕೆಯಂತೆ ಒಣಗಿದ್ದರೂ ಹಲ್ಲು ಕಚ್ಚಿಕೊಂಡೆ. ನೀರು ಕತ್ತಿನ ಮೇಲೆ ಹರಿದು ಚಾಪೆಗೆ ಇಳಿಯಿತು. ಅಷ್ಟು ಸಿಟ್ಟನ್ನು ಎಲ್ಲಿಗೆ ಕಟ್ಟಿಕೊಂಡು ಹೋದೆ ದೊಡ್ಡಪ್ಪ?

ಈಗ ನೀನು ಕೇಳದ ಸುದ್ದಿ. ಈ ಸಲದ ಮಹಾಲಯ ಅಮಾವಾಸ್ಯೆಗೆ ನಿನ್ನ ಎಡೆಗೆಂದು ಟಗರು ತಂದೆ. ಒಂಟಿಗಣ್ಣಿನ ಅಪ್ಪ ಅದೇ ಮಚ್ಚನ್ನು ಮಸೆದು ತಂದ. ನೋಡಿದ ದೊಡ್ಡಮ್ಮ ಸೊಟ್ಟಗೆ ಕೂಡಿದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಅವನು ತೀರ್ಥ ಚಿಮುಕಿಸಿ, ಟಗರಿನ ಎದುರು ಕುಕ್ಕರುಗಾಲಲ್ಲಿ ಕೂತ. ಟಗರು ಒದರಲಿಲ್ಲ. ಬಿಸಿಲು ನೆತ್ತಿಗೆ ಬಂತು. ನೆಂಟರ ಹೊಟ್ಟೆ ಚುರುಗುಟ್ಟಿತು.

"ಫ್ಯಾನ್ ಆಕಿ ಭಾವ, ಚಳಿಗಾದ್ರೂ ಒದರ್ಲಿ," ಎಂದ ನನ್ನ ಹೆಂಡತಿಯ ತಮ್ಮ.

"ಸುಮ್ಕಿರಪ್ಪ. ಕೇಳ್ತಾ ಇವ್ನಿ," ಎಂದ ಅಪ್ಪ.

ಹೊತ್ತು ಇಳಿಯುವಾಗ ಎದ್ದ. ಮಚ್ಚು ಎತ್ತಿದ. ದೊಡ್ಡಮ್ಮ ಕಣ್ಣು ಮುಚ್ಚಿಕೊಂಡಳು. ಅಪ್ಪ ಹಗ್ಗ ಕಡಿದು, "ಓಗು," ಎಂದ. ನೆಂಟರು ಬೈದುಕೊಂಡು ಸೊಪ್ಪಿನ ಸಾರು ಉಂಡರು.

ಆಮೇಲೆ ಅವನು ಒಂದು ಲೋಟ ನೀರು ಹಿಡಿದು ನಿನ್ನನ್ನು ಹೂತ ಗುಡ್ಡೆಯ ಹತ್ತಿರ ಬಂದ. ನಾನು ಹಿಂದೆಯೇ ಇದ್ದೆ. "ಅಣ್ಣ, ನಮ್ಮನೆ ನೀರು. ಕುಡಿತೀಯಾ?" ಎಂದು ಕೇಳಿ ಕಾದ. ಬಹಳ ಹೊತ್ತು ಕಾದ. ಕೊನೆಗೆ ಒಂದಿಷ್ಟು ಸುರಿದ. ಮಣ್ಣು ಅಲ್ಲೇ ಹೀರಿಕೊಂಡಿತು.

"ಕುಡುದ ಕಣ್ಲಾ," ಎಂದು ನನ್ನ ಕಡೆ ತಿರುಗಿದ.

ಮಳೆ ಕಾಣದ ಮಣ್ಣು, ಯಾರು ಏನು ಸುರಿದರೂ ಕುಡಿಯುತ್ತದೆ. ಅದನ್ನು ನಾನು ಅಪ್ಪನಿಗೆ ಹೇಳಲಿಲ್ಲ. ನೀನೂ ಹೇಳಬೇಡ ದೊಡ್ಡಪ್ಪ.