ರ‍್ಯಾಮ್ ಮೇಲಿನ ಚುಕ್ಕೆ

ಅನ್ವರಣ್ಣ,

ಕೆಲಸಕ್ಕೆ ಸೇರಿದ ದಿನ ನೀವು ನನ್ನ ಕೈಗೆ ಮೊದಲು ಕೊಟ್ಟಿದ್ದು ಎರಡು ನೇಲ್ ಪಾಲಿಶ್ ಬಾಟಲಿ. ಕಂಪ್ಯೂಟರ್ ರಿಪೇರಿ ಕಲಿಯಲು ಬಂದವಳು ತಬ್ಬಿಬ್ಬಾಗಿದ್ದೆ. ನಿಮ್ಮದು ತುಮಕೂರಿನಲ್ಲಿ ಬಳೆ ಅಂಗಡಿ ಇಟ್ಟಿದ್ದ ಮನೆತನ, ಬಾಟಲಿಗೇನು ಬರ? ಹಳೇ ಮೆಷಿನ್ನುಗಳಿಂದ ಬಿಚ್ಚಿದ ರ‍್ಯಾಮ್‌ಗಳಲ್ಲಿ ನೂರು ಮೆಗಾಹರ್ಟ್ಸ್ ವೇಗದವಕ್ಕೆ ಕೆಂಪು ಚುಕ್ಕೆ, ನೂರಾ ಮೂವತ್ತಮೂರರವಕ್ಕೆ ಹಸಿರು. "ಟೆಸ್ಟ್ ಮಾಡ್ದೆ ಚುಕ್ಕೆ ಇಡ್ಬೇಡ ಕಣಮ್ಮ ಸುಧಾ. ಎರಡೂ ಒಂದೇ ಬೋರ್ಡಲ್ಲಿ ಸೇರುದ್ರೆ ಜೋರಾಗಿರೋದೇ ನಿಧಾನ ಆಗ್ಬೇಕು. ನಿಧಾನದ್ದನ್ನ ಅಟ್ಟುಸ್ಕಂಡು ಓಡ್ಸುದ್ರೆ ಮೆಷಿನ್ನೇ ಮಲಗ್ತದೆ" ಅಂದಿರಿ. ಎಷ್ಟು ಸಲ ಹೇಳಿದ್ದಿರಿ!

ಗುಬ್ಬಿಯ ಡಿಟಿಪಿ ಸೆಂಟರಿನ ಶಿವಣ್ಣ ಬಂದಾಗ ನೀವು ನಮಾಜಿಗೆ ಹೋಗಿದ್ದಿರಿ. ಮದುವೆ ಸೀಸನ್ನು, ಲಗ್ನಪತ್ರಿಕೆ ಕೆಲಸ ತುಂಬಿದೆ, ಇನ್ನೊಂದು ರ‍್ಯಾಮ್ ಬೇಕು ಅಂತ ತಲೆ ತಿಂದರು. ಅವರ ಮೆಷಿನ್ನಿಗೆ ಬೇಕಾದ ಹಸಿರು ಚುಕ್ಕೆಯದು ಡಬ್ಬಿಯಲ್ಲಿ ಒಂದೂ ಇರಲಿಲ್ಲ. ವೇಗ ಬರೆದ ಚೀಟಿ ಕಿತ್ತುಹೋಗಿದ್ದ ಒಂದು ಸಿಕ್ಕಿತು. ಇದೂ ಅದೇ ಇರಬೇಕು ಅಂತ ಹಸಿರು ಇಟ್ಟುಬಿಟ್ಟೆ. ನೀವು ಬಂದಿರಿ, ಚುಕ್ಕೆ ನೋಡಿದಿರಿ, ಬೋರ್ಡಿನ ವೇಗವನ್ನು ನೂರಾ ಮೂವತ್ತಮೂರಕ್ಕೇ ಕಟ್ಟಿ ಕೂರಿಸಿಕೊಟ್ಟಿರಿ. ನನ್ನನ್ನು ಒಂದು ಮಾತೂ ಕೇಳಲಿಲ್ಲ.

ನಾಲ್ಕೇ ದಿನಕ್ಕೆ ಶಿವಣ್ಣ ಆ ಮೆಷಿನ್ ತಂದು ಕೌಂಟರಿನ ಮೇಲೆ ಕುಕ್ಕಿದರಲ್ಲ, ಆ ಸದ್ದು ನನ್ನ ಕಿವಿಯಿಂದ ಹೋಗಿಲ್ಲ. "ಏನ್ ಸಾಬ್ರೇ, ಡೂಪ್ಲಿಕೇಟ್ ಮಾಲ್ ಹಾಕಿದೀರಾ? ಗಳಿಗೆಗೊಂದ್ಸಲ ನಿಂತೋಯ್ತದೆ. ಮೂರ್ ಮದ್ವೆ ಪತ್ರಿಕೆ ಹಾಳಾಗೋದ್ವು!" ಅವರು ಹೋದ ಮೇಲೆ ನೀವು ಟೆಸ್ಟ್ ಮಾಡಿದಿರಿ. ನೂರರದ್ದು. ಬಾಗಿಲಿಗೆ ಬಂದು ಅದರ ಚುಕ್ಕೆಯನ್ನು ಬಿಸಿಲಿಗೆ ಹಿಡಿದು ತುಂಬಾ ಹೊತ್ತು ನೋಡಿದಿರಿ. ಶುಗರ್ ಬಂದಾಗಿನಿಂದ ಕಣ್ಣಿನದೇ ಚಿಂತೆ ನಿಮಗೆ. "ಇದು ನಂಗೆ ಹಸಿರು ಕಾಣ್ತದೆ. ನೀನ್ ನೋಡಮ್ಮ, ಯಾವ್ ಬಣ್ಣ?"

ಕೆಂಪು, ಅಂದೆ.

ಯಾಕಂದೆ? ಬೈಯುತ್ತೀರಿ ಅಂತಲೇ? ನೀವು ಯಾವತ್ತು ಬೈದವರು... ಸಂಜೆ ಅದನ್ನು ಒರೆಸಿ ನಿಜವಾಗಲೂ ಕೆಂಪು ಹಚ್ಚಿಟ್ಟೆ. ನನ್ನಂಥ ಪಾಪಿ ಇನ್ನೊಬ್ಬಳಿಲ್ಲ.

ಮಾರನೇ ದಿನದಿಂದ ನೀವು ಮೆಷಿನ್ ಬಿಚ್ಚಲಿಲ್ಲ. "ಕಣ್ಣು ಕೈ ಕೊಡ್ತು ಬುಡಮ್ಮ. ಇನ್ನೊಬ್ರ ಕೆಲ್ಸ ಕೆಡ್ಸೋದು ಬ್ಯಾಡ" ಅಂದಿರಿ. ಸ್ಕೂಟರ್ ಮಾರಿದಿರಿ, ಅಂಗಡಿ ಮುಚ್ಚಿದಿರಿ, ಕುಣಿಗಲ್ಲಿಗೆ ಹೋಗಿ ಭಾವಮೈದನ ಮನೆಯ ಜಗುಲಿಯಲ್ಲಿ ಕೂತಿರಿ. ಎರಡು ಸಲ ಬಂದಿದ್ದೆ, ಹೇಳಿಯೇ ಬಿಡಬೇಕು ಅಂತ. ನೀವು ಟೀ ತರಿಸಿದಿರಿ, ಹೊಸ ಬೋರ್ಡುಗಳ ಬಗ್ಗೆ ಕೇಳಿದಿರಿ. ಕುಡಿದು ಎದ್ದು ಬಂದೆ. ಮೂರನೇ ಸಲ ಬರುವಷ್ಟರಲ್ಲಿ ನಿಮ್ಮನ್ನು ಮಣ್ಣು ಮಾಡಿ ಆಗಿತ್ತು.

ಹೋದ ಶುಕ್ರವಾರ ಕುಣಿಗಲ್ಲಿಗೆ ಹೋಗಿ ನಿಮ್ಮ ಹೆಂಡತಿಯ ಮುಂದೆ ಎಲ್ಲ ಹೇಳಿಕೊಂಡೆ. ಭಾಬಿ ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ. ಕಲ್ಲು ಹೆಕ್ಕುತ್ತಲೇ ಒಂದು ಮಾತು ಹೇಳಿದರು. ಅದನ್ನು ನಿಮಗೆ ಹೇಳದೆ ಇರಲಾರೆ.

"ಬೆಂಗ್ಳೂರಲ್ಲಿ ಕಣ್ಣಿನ್ ಡಾಕ್ಟ್ರು ಎರಡ್ ಸಲ ನೋಡುದ್ರು. ಬಣ್ಣ ಎಲ್ಲಾ ಸರಿಯಾಗೇ ಹೇಳ್ತೀರಾ, ಏನೂ ಆಗಿಲ್ಲ ಅಂದ್ರು. ಇವ್ರು ನಂಬ್ಲೇ ಇಲ್ಲ. ಸುಧಾ ಯಾಕ್ ಸುಳ್ಳು ಹೇಳ್ತಾಳೆ ಅಂದ್ರು."

ಸುಳ್ಳೇ ಹೇಳಿದ್ದೆ, ಅನ್ವರಣ್ಣ.

ಸುಧಾ