ಹಸಿರು ಬೆಳಗದವರು ಹೊರಗೆ

ಹೊಸಬೆಟಗೇರಿ
ಫೆಬ್ರವರಿ ೩೦, ೨೩೮೭

ನನಗಿಂತ ಎಷ್ಟೋ ತಲೆಮಾರು ಹಿಂದಿನ ಹಿರಿಯರಿಗೆ ಸುವಾರ್ತಾ ಮುಳಗುಂದ ಮಾಡುವ ವಂದನೆಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ಕ್ಯಾಲೆಂಡರ್ ತಿದ್ದಿದ ಮೇಲೆ ನಮ್ಮ ಫೆಬ್ರವರಿಗೂ ಮೂವತ್ತು ದಿನ. ನಿಮಗೆ ತಿಳಿಯದ ಮಾತು ಬಂದರೆ ಕ್ಷಮಿಸಿ. ಸಿಟ್ಟಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ. ಎಷ್ಟೋ ವರ್ಷಗಳ ಮೇಲೆ ಬಂದ ಸಿಟ್ಟು ಇದು.

ನಮ್ಮ ಕಾಲದವರ ಬಲಗಿವಿಯ ಹಿಂದೆ ಅಡ್ಡಮಣಿ ಇರುತ್ತದೆ, ಜೋಳದ ಕಾಳಿನಷ್ಟು. ಕುಡಿಯಬೇಕು, ಕದಿಯಬೇಕು, ಯಾರದೋ ಕಪಾಳಕ್ಕೆ ಬಾರಿಸಬೇಕು ಎಂದು ಮನಸ್ಸು ಹೊರಳಿದ ಕೂಡಲೇ ಅದು ಆ ಆಸೆಯನ್ನು ಆರಿಸಿಬಿಡುತ್ತದೆ. ರೊಟ್ಟಿ ಬಡಿಯುವಾಗ ಕೈ ಸುಟ್ಟರೂ ಬೈಗುಳ ಬರುವುದಿಲ್ಲ. ಗಂಡ ಹೆಂಡಿರು ಜಗಳವಾಡುವುದಿಲ್ಲ, ಹಾಗಾಗಿ ರಾಜಿಯಾಗುವುದೂ ಇಲ್ಲ. ಆರಾಧನೆಯಲ್ಲಿ ಕರ್ತನ ಪ್ರಾರ್ಥನೆ ಹೇಳುವಾಗ ಶೋಧನೆಯಿಂದ, ಅಂದರೆ ಪಾಪದ ಸೆಳೆತದಿಂದ, ಕಾಪಾಡೆಂದು ಬೇಡುವ ಸಾಲನ್ನು ಬಿಟ್ಟು ಮುಂದೆ ಹೋಗುತ್ತೇವೆ. ಅದರ ಅಗತ್ಯ ಮುಗಿಯಿತಂತೆ. ಯೇಸುವಿನ ನೆನಪಿಗೆ ರೊಟ್ಟಿ ಹಂಚುವ ಕರ್ತನ ಭೋಜನದ ದಿನ ಸಭಾಹಿರಿಯರಾದ ಸಾಲೋಮೋನಪ್ಪನವರು ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಕಿವಿ ನೋಡುತ್ತಾರೆ. ಮಣಿ ಹಸಿರಾಗಿ ಬೆಳಗಿದರೆ ಒಳಗೆ, ಇಲ್ಲದಿದ್ದರೆ ಹೊರಗೆ.

ನನ್ನ ತಮ್ಮ ನತಾನಿಯೇಲ ಮಣಿ ಕೀಳಿಸಿಕೊಂಡ. ಮಣಿ ಹಾಕಿಸುವ ಮೊದಲು ಕುಡಿತ ಅವನನ್ನು ಹಣ್ಣುಗಾಯಿ ನೀರುಗಾಯಿ ಮಾಡಿತ್ತು. ಹುಚ್ಚು ಹಿಡಿಯಿತೇ ಎಂದು ಕೇಳಿದೆ. “ಅಕ್ಕಾ, ಇದು ಕಿವಿ ಹಿಂದ ಇದ್ರ ಕುಡೀಬೇಕು ಅನ್ಸಂಗಿಲ್ಲ, ಖರೆ. ಆದ್ರ ಯೇಸುಸ್ವಾಮಿ ಬೇಕು ಅಂತನೂ ಅನ್ಸಂಗಿಲ್ಲ” ಎಂದ. ಈಗ ಪ್ರತಿ ಸಂಜೆ ಗಂಟಲು ಒಣಗುವ ಹೊತ್ತಿಗೆ ನೆಲಕ್ಕೆ ಹಣೆ ಹಚ್ಚಿ, ನನ್ನ ಕೈಲಾಗದು, ನೀನೇ ಹಿಡಿದುಕೋ ಎಂದು ಅಳುತ್ತಾನೆ. ಒಮ್ಮೆ ಸೋತು ಕುಡಿದುಬಿದ್ದ. ಮರುದಿನ ಮತ್ತೆ ಹಣೆ ಹಚ್ಚಿದ. ಆಮೇಲೆ ಬಿದ್ದಿಲ್ಲ. ಅಂಥವನನ್ನು ಹೋದ ಸಲ ಬಾಗಿಲಲ್ಲೇ ತಡೆದರು. ಕಡೆಯ ಹಾಡು ಮುಗಿಯುವ ತನಕ ಚಪ್ಪಲಿಗಳ ಹತ್ತಿರ ನಿಂತಿದ್ದ. ನಾನು ಒಳಗೆ ಕೂತು ರೊಟ್ಟಿ ತಿಂದೆ, ಏನೂ ಅನ್ನಿಸಲಿಲ್ಲ. ಒಡಹುಟ್ಟಿದವನು ಹೊರಗಿದ್ದರೂ ಏನೂ ಅನ್ನಿಸಲಿಲ್ಲವಲ್ಲ ಎಂಬುದು ತಲೆಗೆ ಹತ್ತಿದ ಮೇಲೆ ನನ್ನ ಮಣಿಯನ್ನೂ ಕೀಳಿಸಿದೆ.

ಆಗ ಬಂತು ನೋಡಿ ಸಿಟ್ಟು, ನಿಮ್ಮ ಮೇಲೆ! ಮಕ್ಕಳಿಗೆ ಗಟ್ಟಿಯಾಗು, ಮನಸ್ಸು ಬಿಗಿಹಿಡಿ ಎಂದಷ್ಟೇ ಕಲಿಸಿದಿರಿ. ಬಿದ್ದವರನ್ನು ಕಂಡು ಮೂಗು ಮುರಿದಿರಿ. ಗೆದ್ದವರಿಂದಲೇ ಸಾಕ್ಷಿ ಹೇಳಿಸಿದಿರಿ, ಇನ್ನೂ ಒದ್ದಾಡುತ್ತಿರುವವನ ಕೈಗೆ ಮೈಕು ಕೊಡಲಿಲ್ಲ. ಸೋತೆ ಎನ್ನಲು ಜಾಗವೇ ಇಲ್ಲದ ಸಭೆಗೆ ಯಾರೋ ಮಣಿ ತಂದರೆ, ಬೇಡ ಎನ್ನುವ ಬಾಯಿ ಎಲ್ಲಿಂದ ಬರಬೇಕು?

ನಿನ್ನೆ ಸಂತೆಯಲ್ಲಿ ಸಾಲೋಮೋನಪ್ಪನವರನ್ನು ಕಂಡೆ. ತೂಕದ ಕಲ್ಲು ಕೈಗೆ ಬಂದಿತ್ತು. ನನ್ನ ಬಲದಿಂದ ತಡೆದುಕೊಂಡೆ ಎಂದರೆ ಶುದ್ಧ ಸುಳ್ಳು. ಬದನೆಕಾಯಿ ರಾಶಿಯ ಮುಂದೆ ಎಲ್ಲರೆದುರು ಮಂಡಿಯೂರಿ ಕರ್ತನನ್ನು ಕೂಗಿದೆ. ಕೈ ಸಡಿಲವಾಯಿತು, ಕಲ್ಲು ಕೆಳಗಿಟ್ಟೆ.

ನಾಳೆ ಮತ್ತೆ ಭೋಜನದ ದಿನ. ನಾನೂ ತಮ್ಮನೂ ಬಾಗಿಲಿಗೆ ಹೋಗುತ್ತೇವೆ. ತಡೆದರೆ ಹೊರಗೇ ಮಂಡಿಯೂರಿ ರೊಟ್ಟಿಗೆ ಕೈ ಚಾಚುತ್ತೇವೆ. ಕೊಡುತ್ತಾರೋ ಇಲ್ಲವೋ ಗೊತ್ತಿಲ್ಲ.

ನಿಮ್ಮ ಬಾಗಿಲಲ್ಲೂ ಈ ಭಾನುವಾರ ಯಾರೋ ಬಾಯಿಯ ಹೆಂಡದ ವಾಸನೆ ಮುಚ್ಚಿಕೊಂಡು ನಿಂತಿರುತ್ತಾರೆ. ಕೈ ಹಿಡಿದು ಒಳಗೆ ಕರೆದುಕೊಳ್ಳಿ. ಪಕ್ಕದಲ್ಲೇ ಮಂಡಿಯೂರಿ, ನನ್ನ ಕೈಲೂ ಆಗದು ಕರ್ತನೇ ಎಂದು ಅವರಿಗೆ ಕೇಳಿಸುವ ಹಾಗೆ ಹೇಳಿ.

ನಿಮ್ಮ ವಂಶದವಳು,
ಸುವಾರ್ತಾ